ಮಸ್ಕಿಯ ಬಂಡೆಯೂ ಜಪಾನಿನ ಪಟ್ಟಣಗಳೂ

ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿಯೆಂಬ ಊರಿರುವದು ಈ ಪ್ರಾಂತದವರೆಲ್ಲರೂ ಬಲ್ಲ ಸಂಗತಿ. ಆದರೆ ಮೋಟಾರು ನಿಂತಾಗ ಚಹ ಕುಡಿದು ಮುಂದೆ ಸಾಗುವವರಲ್ಲಿ ಅಲ್ಲಿಯ ದುರ್ಗದ ಗುಡ್ಡದ ಕಡೆಗೆ ಮುಖ ತಿರುಗಿಸುವವರು ವಿರಳ. ಇತ್ತೀಚೆಗೆ ಸುಶಿಕ್ಷಿತ ಕುಟುಂಬಗಳಲ್ಲಿ ದೂರದೇಶಗಳನ್ನು ನೋಡಿಬರುವ ಅಭಿಲಾಷೆಯು ಹೆಚ್ಚಿ, ಜಪಾನಿನ ಪಟ್ಟಣಗಳ ಹೆಸರುಗಳು ಮನೆಮನೆಯ ಮಾತಾಗಿರುವದು ಸಂತೋಷದ ವಿಷಯವೇ ಸರಿ. ಟೋಕಿಯೋಕ್ಕೆ ಎಷ್ಟು ದಿವಸ, ಕ್ಯೋಟೋಕ್ಕೆ ಎಷ್ಟು ದಿವಸ, ಚೆರಿಹೂವು ಯಾವ ತಿಂಗಳಲ್ಲಿ ಅರಳುವದು ಎಂಬ ಚರ್ಚೆಯು ರಾತ್ರಿಯ ಊಟದ ಹೊತ್ತಿಗೂ ಮುಗಿಯದು. ಯಾವ ಊರನ್ನು ಯಾವ ಊರಿನ ಬಳಿಕ ನೋಡಬೇಕೆಂಬುದಕ್ಕೆ ಮಾತ್ರ ಚಾರಿತ್ರಿಕವಾದ ಕಾರಣವೊಂದು ಇರಬಲ್ಲದೆಂದು ಯಾರೂ ಯೋಚಿಸಿದಂತಿಲ್ಲ. ಆ ಕಾರಣದ ಮೊದಲ ಎಳೆಯು ಮಸ್ಕಿಯಲ್ಲಿಯೇ ಸಿಕ್ಕುತ್ತದೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀಲಿಪಿಯನ್ನು ಓದಿದಾಗ ಭರತಖಂಡದ ನಾನಾ ಭಾಗಗಳ ಶಿಲಾಶಾಸನಗಳೂ ಸ್ತಂಭಶಾಸನಗಳೂ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಒಬ್ಬ ಅರಸನವೆಂದು ಗೊತ್ತಾಯಿತು. ಆ ಪ್ರಿಯದರ್ಶಿಯೇ ಅಶೋಕನೆಂಬುದನ್ನು ಟರ್ನರನು ಸಿಂಹಳದ ಪಾಲಿಗ್ರಂಥಗಳ ಆಧಾರದಿಂದ ತೋರಿಸಿಕೊಟ್ಟನು. ಆದರೂ ಶಾಸನಗಳಲ್ಲಿ ಅಶೋಕನೆಂಬ ಹೆಸರು ಎಲ್ಲಿಯೂ ಕಾಣಿಸಿರಲಿಲ್ಲ. ಸಂಶಯಗ್ರಸ್ತರಿಗೆ ಎಪ್ಪತ್ತೆಂಟು ವರ್ಷಗಳ ಅವಕಾಶವಿತ್ತು. 1915ನೆಯ ಇಸವಿಯ ಜನವರಿಯಲ್ಲಿ, ಬಂಗಾರದ ಗಣಿಗಳ ಎಂಜಿನಿಯರನಾಗಿದ್ದ ಸಿ. ಬೀಡನ್ ಎಂಬವನ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಲಿಂಗಸೂಗೂರು ತಾಲೂಕಿನ ಹಟ್ಟಿಯ ಸುತ್ತಮುತ್ತ ಪ್ರಾಚೀನರು ಹೊನ್ನಿಗಾಗಿ ಅಗೆದ ಆಳವಾದ ಕುಳಿಗಳಿರುವದರಿಂದ ಅಂಥವನೊಬ್ಬನು ಈ ಸೀಮೆಯಲ್ಲಿ ತಿರುಗಾಡುತ್ತಿದ್ದುದು ಆಶ್ಚರ್ಯವಲ್ಲ. ಹೆಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನ ಪಕ್ಕದಲ್ಲಿಯೇ ಅಶೋಕನ ಹೆಸರು ಅಲ್ಲಿ ಸ್ಪಷ್ಟವಾಗಿ ಕೊರೆಯಲ್ಪಟ್ಟಿದ್ದಿತು! ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಆ ಹೆಸರು ಸಿಕ್ಕಿತಾದರೂ ಮೊದಲ ಸಾಕ್ಷಿಯ ಗೌರವವು ಮಸ್ಕಿಯದೇ. ಧರ್ಮದ ಫಲವು ದೊಡ್ಡವರಿಗೆ ಮಾತ್ರವೇ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನೆಂಬುದು ಅಲ್ಲಿಯ ಶಾಸನದ ತಾತ್ಪರ್ಯ.

ಈ ಅರಸನು ಪ್ರವಾಸವನ್ನು ಕುರಿತು ಖಚಿತವಾದ ಅಭಿಪ್ರಾಯವುಳ್ಳವನಾಗಿದ್ದನು. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಪ್ರತಿಯುಳ್ಳ ಎಂಟನೆಯ ಶಿಲಾಶಾಸನದಲ್ಲಿ, ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆಗೆ ಹೊರಡುತ್ತಿದ್ದರೆಂದೂ, ತಾನು ಪಟ್ಟಾಭಿಷೇಕದ ಹತ್ತನೆಯ ವರ್ಷದಲ್ಲಿ ಸಂಬೋಧಿಸ್ಥಾನಕ್ಕೆ ಹೋದಂದಿನಿಂದ ಧರ್ಮಯಾತ್ರೆಯು ಆರಂಭವಾಯಿತೆಂದೂ ಹೇಳಿಕೊಂಡಿದ್ದಾನೆ. ಆ ಧರ್ಮಯಾತ್ರೆಯೆಂದರೆ ಬ್ರಾಹ್ಮಣ ಶ್ರಮಣರ ದರ್ಶನ, ವೃದ್ಧರ ದರ್ಶನ, ದಾನ ಮತ್ತು ನಾಡಿನ ಜನರೊಡನೆ ಮಾತುಕತೆ. ಬ್ರಹ್ಮಗಿರಿಯ ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯು ಅವನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಅರ್ಥಮಾಡಿರುವರು. ಇಪ್ಪತ್ತೆರಡು ಶತಮಾನಗಳ ಹಿಂದೆಯೇ ಪ್ರವಾಸದ ದಿನಚರಿಯನ್ನು ಕಲ್ಲಿನ ಮೇಲೆ ಬರೆಯಿಸಿದವನನ್ನು ಈಗಿನ ಪ್ರವಾಸಿಕರು ಗುರುವೆಂದು ಭಾವಿಸಲು ಅಡ್ಡಿಯಿಲ್ಲ.

ಜಪಾನೀಯರು ಈ ಅರಸನನ್ನು ಬಹುಕಾಲದಿಂದ ಬಲ್ಲರು. ಚೀನೀಯರು ಅವನ ಹೆಸರನ್ನು ತಮ್ಮ ಎರಡು ಚಿತ್ರಾಕ್ಷರಗಳಿಂದ ಬರೆದುದನ್ನು ಅವರು 'ಐಕು' ಎಂದು ಓದುತ್ತಾರೆ. ಕ್ಯೋಟೋದ ಪೂರ್ವಕ್ಕೆ, ಬೀವಾ ಸರೋವರದ ಆಚೆ, ಶಿಗಾ ಪ್ರಾಂತದಲ್ಲಿ ಇಶಿದೋಜಿ ಎಂಬ ದೇವಾಲಯವಿದೆ. ಅಲ್ಲಿಯ ಪುರಾತನವಾದ ಮೂರು ನೆಲೆಯ ಶಿಲಾಸ್ತೂಪವು ಅಶೋಕನು ಜಗತ್ತಿನಲ್ಲೆಲ್ಲ ಹರಡಿದ 84,000 ಸ್ತೂಪಗಳಲ್ಲೊಂದೆಂದು ಸ್ಥಳಪುರಾಣವು ಹೇಳುವದು. ಇದನ್ನು ಚರಿತ್ರೆಯೆಂದು ಯಾರೂ ನಂಬಬೇಕಾಗಿಲ್ಲ. ಸ್ತೂಪದ ರೀತಿಯು ಕೊರಿಯಾ ದೇಶದ್ದೆಂದು ಶಿಲ್ಪಜ್ಞರ ಮತ. ಆದರೆ ನಮ್ಮಲ್ಲಿ ಅಶೋಕನ ಅಕ್ಷರಗಳನ್ನು ಓದಬಲ್ಲವರೇ ಇಲ್ಲದಿದ್ದ ಶತಮಾನಗಳಲ್ಲಿ, ಸಮುದ್ರದಾಚೆಯ ಹಳ್ಳಿಗರು ಅವನ ಹೆಸರನ್ನು ಹೇಳಿ ದೀಪ ಹಚ್ಚುತ್ತಿದ್ದರೆಂಬುದು ಸಾಮಾನ್ಯವಾದ ಮಾತಲ್ಲ. ಪ್ರವಾಸ ಕಂಪೆನಿಗಳ ಪಟ್ಟಿಗಳಲ್ಲಿ ಇಶಿದೋಜಿಯ ಹೆಸರು ಸಾಮಾನ್ಯವಾಗಿ ಸಿಕ್ಕುವದಿಲ್ಲ. ಮಸ್ಕಿಯ ಸೀಮೆಯವರು ಒಂದು ದಿವಸವನ್ನು ಅದಕ್ಕಾಗಿ ತೆಗೆದಿರಿಸುವದು ಯುಕ್ತ.

ಇನ್ನು ಕ್ರಮದ ವಿಚಾರ. ಟೋಕಿಯೋದಲ್ಲಿಳಿದು ಅಲ್ಲಿಯ ದೀಪಗಳ ಬೆರಗಿನಲ್ಲಿ ಅರ್ಧ ರಜೆಯನ್ನು ಕಳೆದು, ಉಳಿದ ದಿವಸಗಳಲ್ಲಿ ಹಳೆಯ ಪಟ್ಟಣಗಳನ್ನು ಓಡುತ್ತ ನೋಡುವದು ರೂಢಿಯಾಗಿದೆ. ಇದು ಗ್ರಂಥವನ್ನು ಕೊನೆಯ ಅಧ್ಯಾಯದಿಂದ ಓದಿದಂತೆ. ಒಸಾಕಾದಲ್ಲಿ ಇಳಿಯುವದೇ ಮೇಲು; ಏಕೆಂದರೆ ಪೂರ್ವದಲ್ಲಿ ನಾನಿವಾ ಎನಿಸಿಕೊಂಡಿದ್ದ ಆ ರೇವಿನಲ್ಲಿಯೇ 736ರಲ್ಲಿ ಬೋಧಿಸೇನನೆಂಬ ಭಾರತೀಯ ಭಿಕ್ಷುವು ಇಳಿದನು. ಅವನು ದಕ್ಷಿಣ ಭಾರತದ ಬ್ರಾಹ್ಮಣನೆಂದು ಜಪಾನಿನ ಪ್ರಾಚೀನ ಲೇಖಗಳು ಹೇಳುತ್ತವೆ. ಚೀನದಲ್ಲಿ ಜಪಾನೀ ರಾಯಭಾರಿಗಳ ಆಮಂತ್ರಣವನ್ನು ಸ್ವೀಕರಿಸಿ ಹಡಗು ಹತ್ತಿದ ಈತನು ಆಗಿನ ರಾಜಧಾನಿಯಾದ ನಾರಾ ನಗರದಲ್ಲಿ ನೆಲಸಿದನು. 752ರಲ್ಲಿ ತೋಡಾಯಿಜಿ ದೇವಾಲಯದ ಮಹಾಬುದ್ಧನ ನೇತ್ರೋನ್ಮೀಲನವಾದಾಗ ಆ ಬೃಹದ್ವಿಗ್ರಹದ ಕಣ್ಣಿಗೆ ಕುಂಚವನ್ನಿಟ್ಟವನು ಬೋಧಿಸೇನನೇ. 760ರಲ್ಲಿ ಅವನು ಆ ನೆಲದಲ್ಲಿಯೇ ದೇಹವಿಟ್ಟನು, ತಾಯ್ನಾಡಿಗೆ ಮರಳಲಿಲ್ಲ.

ಸಂಸ್ಕೃತದ ಸಂಸ್ಕಾರವುಳ್ಳ ಮನೆತನದವರಿಗೆ ಜಪಾನಿನಲ್ಲಿ ಅತ್ಯಂತ ಕುತೂಹಲಕರವಾದ ವಸ್ತುವು ಗೋಪುರವಲ್ಲ, ಉದ್ಯಾನವಲ್ಲ, ಅಕ್ಷರ. ಅಲ್ಲಿಯ ಸ್ಮಶಾನಗಳಲ್ಲಿ ಗೋರಿಗಳ ಹಿಂದೆ ಉದ್ದನೆಯ ಮರದ ಹಲಗೆಗಳನ್ನು ನಿಲ್ಲಿಸಿರುತ್ತಾರೆ. ಅವುಗಳಿಗೆ 'ಸೊತೊಬಾ' ಎಂದು ಹೆಸರು. ಸ್ತೂಪಶಬ್ದದ ರೂಪಾಂತರವೇ ಅದು. ಅವುಗಳ ಮೇಲೆ ಮಂತ್ರಬೀಜಗಳನ್ನು ಸಿದ್ಧಂ ಲಿಪಿಯಲ್ಲಿ ಬರೆದಿರುವದುಂಟು. ಭಾರತದಲ್ಲಿ ಬಳಕೆ ತಪ್ಪಿಹೋದ ಈ ಲಿಪಿಯನ್ನು ಶಿಂಗೋನ್ ಪಂಥದ ಭಿಕ್ಷುಗಳು ಇಂದಿಗೂ ಅಭ್ಯಾಸಮಾಡುತ್ತಾರೆ. ಸಿದ್ಧಂ ಬ್ರಾಹ್ಮಿಯ ಸಂತತಿ, ಕನ್ನಡ ಲಿಪಿಯೂ ಬ್ರಾಹ್ಮಿಯ ಸಂತತಿ. ಮಸ್ಕಿಯ ಬಂಡೆಯ ಮೇಲಿರುವದು ಇವೆರಡರ ಮೂಲಪುರುಷ. ಅಷ್ಟೇ ಅಲ್ಲ, ಜಪಾನಿನ ಎಳೆಯ ಮಕ್ಕಳು ಶಾಲೆಯಲ್ಲಿ ಅ ಇ ಉ ಎ ಒ ಎಂದು ಸ್ವರಗಳನ್ನು ಹೇಳಿ, ಕ, ಸ, ತ, ನ, ಹ, ಮ, ಯ, ರ, ವ ಎಂಬ ವರ್ಗಗಳನ್ನು ಒಪ್ಪಿಸುವ ಕ್ರಮವು ಸಂಸ್ಕೃತ ವರ್ಣಮಾಲೆಯನ್ನು ಅನುಸರಿಸಿ ಏರ್ಪಟ್ಟದ್ದು. ಚಕಾರವಿದ್ದಿರಬಹುದಾದ ಸ್ಥಳದಲ್ಲಿ ಸಕಾರವನ್ನೂ, ಪಕಾರದ ಸ್ಥಳದಲ್ಲಿ ಹಕಾರವನ್ನೂ ಇಟ್ಟು ನೋಡಿದರೆ ನಮ್ಮ ಅಕ್ಷರಾಭ್ಯಾಸದ ಮಣೆಯೇ ಎದುರಿಗೆ ನಿಂತಂತಾಗುವದು. ಹಳಗನ್ನಡದ ಪಕಾರಾದಿ ಪದಗಳು ಹೊಸಗನ್ನಡದಲ್ಲಿ ಹಕಾರವನ್ನು ತಾಳಿದ ಚರಿತ್ರೆಯನ್ನು ಬಲ್ಲವರಿಗೆ ಈ ಎರಡನೆಯ ಮಾತು ವಿಶೇಷ ರುಚಿಯನ್ನು ಕೊಡದೆ ಇರದು. ನಾರಾದ ಹತ್ತಿರದ ಹೋರ್ಯೂಜಿ ದೇವಾಲಯದಲ್ಲಿದ್ದ ಸಂಸ್ಕೃತದ ತಾಳೆಗರಿಗಳು 1878ರಲ್ಲಿ ಇತರ ನಿಧಿಗಳೊಡನೆ ಚಕ್ರವರ್ತಿಯ ಮನೆತನಕ್ಕೆ ಅರ್ಪಿತವಾಗಿ, ಈಗ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇವೆ.

ನಾರಾದ ಬಳಿಕ ಕ್ಯೋಟೋ. 794ರಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಚಕ್ರವರ್ತಿಯ ಪೀಠವು ಅಲ್ಲಿದ್ದಿತು. ಅದರ ವರ್ಣನೆಯು ಎಲ್ಲ ಕೈಪಿಡಿಗಳಲ್ಲಿಯೂ ಸಿಕ್ಕುವದರಿಂದ ಇಲ್ಲಿ ವಿಸ್ತರಿಸುವದಿಲ್ಲ. ಅನಂತರ ಟೋಕಿಯೋ, 1868ರ ವರೆಗೆ ಅದರ ಹೆಸರು ಎಡೋ. ಹಳತನ್ನು ಕಳೆದುಕೊಳ್ಳದೆ ಹೊಸತನ್ನು ಹೇಗೆ ಕಲಿತರೆಂಬುದನ್ನು ನೋಡಲು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿಯೇ ರಜೆ ಪಡೆದು ಜಪಾನಿಗೆ ಹೋಗಿಬಂದರು. ಆಗ ಅವರಿನ್ನೂ ಮೈಸೂರಿನ ದಿವಾನರಲ್ಲ, ಮುಂಬಯಿ ಸರಕಾರದ ಎಂಜಿನಿಯರರು. ಶಾಲೆ, ಕಾರ್ಖಾನೆಗಳ ಕಡೆಗೆ ಅವರ ಲಕ್ಷ್ಯ ಹೆಚ್ಚು. ಈಗಿನವರು ಮಕ್ಕಳನ್ನು ಅಂಗಡಿಬೀದಿಗಳಿಗೆ ಕರೆದೊಯ್ಯುವಂತೆಯೇ ಒಂದು ಗ್ರಂಥಾಲಯಕ್ಕೂ ಕರೆದೊಯ್ದರೆ ಹಾಳೇನು?

ಹಿರೋಶಿಮಾದ ವಿಷಯದಲ್ಲಿ ಮಾತ್ರ ತೊಡಕುಂಟು. ಅದು ಪಶ್ಚಿಮದಲ್ಲಿರುವದರಿಂದ ಒಸಾಕಾದಿಂದಲೇ ಮೊದಲು ನೋಡಿಬಂದರೆ ರೈಲಿನ ವೆಚ್ಚವು ಕಡಿಮೆ. ಕಾಲಕ್ರಮವಾದರೋ ಅದನ್ನು ಕೊನೆಗೆ ಬೇಡುವದು. ಟೋಕಿಯೋದಿಂದ ಅತಿವೇಗದ ಗಾಡಿಯಲ್ಲಿ ಸುಮಾರು ನಾಲ್ಕು ತಾಸಿನ ಹಾದಿ. ವೆಚ್ಚವಾದರೂ ಕೊನೆಗೇ ಹೋಗತಕ್ಕದ್ದು. ದುಡ್ಡು ಸಾಲದಿದ್ದರೆ ಬೇರೊಂದು ಊರನ್ನು ಬಿಡಬಹುದು. ಕಳಿಂಗದಲ್ಲಿ ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ಸೆರೆಹೋದರೆಂದೂ ಗೆದ್ದ ಅರಸನೇ ಹದಿಮೂರನೆಯ ಶಾಸನದಲ್ಲಿ ಲೆಕ್ಕವನ್ನು ಒಪ್ಪಿಸಿ ಪಶ್ಚಾತ್ತಾಪಪಟ್ಟಿದ್ದಾನೆ. 1945ನೆಯ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಒಂದೇ ಬಾಂಬಿನಿಂದ ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000. ಅಲ್ಲಿ ಲೆಕ್ಕವನ್ನು ಬರೆದಿಟ್ಟವರು ಗೆದ್ದವರಲ್ಲ, ಬದುಕಿ ಉಳಿದವರು. ಅವರ ಸುಟ್ಟ ಬಟ್ಟೆಗಳೂ ಮಕ್ಕಳ ಊಟದ ಡಬ್ಬಿಗಳೂ ಅಲ್ಲಿಯ ಸಂಗ್ರಹಾಲಯದಲ್ಲಿವೆ. ಅದನ್ನು ನೋಡಲು ಒಂದು ಪೂರ್ತಿ ಮುಂಜಾವು ಬೇಕು, ಅದೇ ದಿವಸ ಮತ್ತೊಂದನ್ನು ನೋಡಲು ಮನಸ್ಸಾಗದು. ಮರುದಿವಸ ಒಸಾಕಾಕ್ಕೆ ಬಂದರೆ, ಬೋಧಿಸೇನನು ಇಳಿದ ಕರಾವಳಿಯಿಂದಲೇ ಊರಿನ ವಿಮಾನವನ್ನು ಹತ್ತಬಹುದು.