ನಿಘಂಟು ಮನೆಗೆ ಬಂದ ದಾರಿ

ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ಒಂದು ಹಳೆಯ ಕಾಗದವುಂಟು. ಕಲಬುರ್ಗಿ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ, ಮನೆಯವರೊಡನೆ ಮನಸ್ತಾಪವಾಗಿ ಈ ಪಟ್ಟಣಕ್ಕೆ ಬಂದುಬಿಟ್ಟಿದ್ದ ನಮ್ಮ ತಂದೆಯವರಿಗೆ ಅಜ್ಜನವರು ಬರೆದದ್ದು. ಅದರ ಕೊನೆಯಲ್ಲಿ, “ಅವಸರವಿಲ್ಲ. ಹಿಂದಿನದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ದಫ್ತರಿಗೆ ರಜೆ ಇದ್ದಾಗ ಬಾ” ಎಂದಿದೆ.

ಶಾಲೆಯಲ್ಲಿ ತೆಲುಗು, ಇಂಗ್ಲಿಷುಗಳನ್ನು ಕಲಿತ ನಮ್ಮ ಮೊಮ್ಮಗಳು ಈಚೆಗೆ ಇದನ್ನು ಇಂಗ್ಲಿಷಿಗೆ ತರಲು ಕುಳಿತಳು. ಅಕ್ಷರ ಕೂಡಿಸಿ ಕನ್ನಡ ಓದಬಲ್ಲಳು; ತಿಳಿಯದ ಪದಕ್ಕೆ ಫೋನಿನ ನಿಘಂಟು. ‘ಅವಸರ’ ತನಗೆ ಗೊತ್ತಿರುವ ಮಾತೆಂದು ಅದನ್ನು ನೋಡಲೇ ಇಲ್ಲ. ತೆಲುಗಿನಲ್ಲಿ ಅದಕ್ಕೆ ಅಗತ್ಯವೆಂದರ್ಥ. ‘ಹೊಟ್ಟೆ’, ‘ಹಾಕು’ ಇವೆರಡನ್ನು ಬೇರೆಬೇರೆಯಾಗಿ ನೋಡಿದಳು. ಕೊನೆಗೆ ಸಿದ್ಧವಾದ ತರ್ಜುಮೆ: ನೀನು ಬರುವ ಅಗತ್ಯವಿಲ್ಲ, ಬರುವುದಾದರೆ ಊಟ ಮುಗಿಸಿಕೊಂಡು ಬಾ! ಕ್ಷಮೆಯ ಕಾಗದ ತಿರಸ್ಕಾರದ ಕಾಗದವಾಯಿತು.

ಮಗುವನ್ನು ಆಕ್ಷೇಪಿಸಿ ಫಲವಿಲ್ಲ. ‘ಅವಸರ’ವೆಂದರೆ ನಮಗೆ ಆತುರ, ನೆರೆಯ ತೆಲುಗರಿಗೆ ಅಗತ್ಯ, ಹಿಂದಿಯವರಿಗೆ ಅವಕಾಶ. ಮೂವರೂ ಒಂದೇ ಬೀದಿಯಲ್ಲಿ ತರಕಾರಿ ಕೊಳ್ಳುತ್ತಾರೆ. ‘ಶಿಕ್ಷೆ’ ನಮಗೆ ದಂಡನೆಯಾದರೆ ಹಿಂದಿಯಲ್ಲಿ ವಿದ್ಯಾಭ್ಯಾಸ. (ಶಾಲೆಯ ಹುಡುಗರನ್ನು ಕೇಳಿದರೆ ಎರಡೂ ಒಂದೇ ಎಂದಾರು.)

ಪದಗಳಿಗೆ ಪದ ಹುಡುಕುವ ಕೆಲಸ ಈ ಊರಿಗೆ ಹೊಸದೇನೂ ಅಲ್ಲ. ಉರ್ದುವಿನಲ್ಲೇ ಉಚ್ಚ ಶಿಕ್ಷಣ ಕೊಡಬೇಕೆಂದು ಹೊರಟ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕಾಗಿ 1917ರಲ್ಲಿ ಇಲ್ಲಿ ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ಶಾಖೆ ಹುಟ್ಟಿತು. ಮೌಲ್ವಿ ಅಬ್ದುಲ್ ಹಕ್ಕರು ಅದರ ಮೊದಲ ಮುಖ್ಯಸ್ಥರು. ವಿಜ್ಞಾನ, ಕಾನೂನು, ವೈದ್ಯಗಳ ಇಂಗ್ಲಿಷ್ ಪದಗಳಿಗೆ ವಿದ್ವಾಂಸರು ಕುಳಿತು ಚರ್ಚಿಸಿ ಉರ್ದು ಪದಗಳನ್ನು ಕಟ್ಟಿದರು. ಕಲಬುರ್ಗಿ, ರಾಯಚೂರು, ಬೀದರಗಳಿಂದ ಬಂದ ಕನ್ನಡ ವಿದ್ಯಾರ್ಥಿಗಳೂ ಆ ಪದಗಳಲ್ಲೇ ಪಾಠ ಕಲಿಯಬೇಕಾಗಿತ್ತು. ಬಳಿಕ 1968ರಲ್ಲಿ ಸ್ಥಾಪಿತವಾದ ತೆಲುಗು ಅಕಾಡೆಮಿ ನಮ್ಮ ಹಿಮಾಯತ್‌ನಗರದಲ್ಲೇ ನೆಲೆಸಿ, ತೆಲುಗಿಗಾಗಿ ಪಠ್ಯಗಳನ್ನೂ ಪಾರಿಭಾಷಿಕ ಪದಕೋಶಗಳನ್ನೂ ಹೊರತಂದಿತು. ಆದರೆ ಅಜ್ಜನ ಕಾಗದದ ಮಾತುಗಳು ಪಾರಿಭಾಷಿಕ ಪದಗಳಲ್ಲ, ಮನೆಮಾತಿನವು. ಅವುಗಳ ಲೆಕ್ಕವನ್ನು ಬೇರೆಯವರು ಬರೆದಿಟ್ಟರು.

ಬಳ್ಳಾರಿಯಲ್ಲಿ ಪಾದ್ರಿಯಾಗಿದ್ದ ವಿಲಿಯಂ ರೀವನು 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದನು. ಆ 1832ರಲ್ಲಿಯೇ ದೂರದ ಜರ್ಮನಿಯಲ್ಲಿ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಒಂದು ಸೊಗಸಾದ ಕಾಕತಾಳೀಯ. 1853ರಲ್ಲಿ ಇಲ್ಲಿಗೆ ಬಂದ ಕಿಟೆಲರು ವರ್ಷಗಟ್ಟಲೆ ದುಡಿದು, ಸುಮಾರು 70,000 ಪದಗಳ ಕೋಶವನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಅವರ ದೊಡ್ಡತನವಿರುವುದು ಈ ಸಂಖ್ಯೆಯಲ್ಲಲ್ಲ. ಪದದ ಜೊತೆಗೆ ಅದು ಬರುವ ಕಾವ್ಯ, ಗಾದೆ, ಆಡುಮಾತುಗಳನ್ನು ಕೊಟ್ಟರು. ತಮಿಳು, ತೆಲುಗು, ತುಳುಗಳ ನಂಟನ್ನು ತೋರಿಸಿದರು. ಹಿಂದೂಸ್ತಾನಿಯಿಂದಲೋ ಮರಾಠಿಯಿಂದಲೋ ಬಂದ ಮಾತಿಗೆ ಆ ಗುರುತನ್ನೂ ಇಟ್ಟರು. ದಫ್ತರು, ಅರ್ಜಿ, ಜಾಮೀನುಗಳಿಲ್ಲದೆ ಬಾಯಿ ತೆರೆಯಲಾರದ ನಮ್ಮಂಥ ಹೈದರಾಬಾದ್ ಕನ್ನಡಿಗರಿಗೆ ಇದು ಸಣ್ಣ ಉಪಕಾರವಲ್ಲ.

ಮುಂದೆ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು 1970ರಿಂದ 1995ರ ವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಇವನ್ನೆಲ್ಲ ಕೊಂಡು ಇಟ್ಟುಕೊಳ್ಳಲು ಹಣವೂ ಬೇಕು, ಕಪಾಟೂ ಬೇಕು; ಬಾಡಿಗೆಯ ಎರಡು ಕೋಣೆಗಳ ಸಂಸಾರದಲ್ಲಿ ಎರಡೂ ದುರ್ಲಭ.

ಆ ಕೊರತೆಯನ್ನು ಅಂತರಜಾಲ ನೀಗಿಸಿತು. 2011ರಲ್ಲಿ ಗೂಗಲ್ಲಿನ ಅನುವಾದ ಯಂತ್ರಕ್ಕೆ ಕನ್ನಡ ಸೇರಿತು. 2016ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಅನೇಕ ಕೋಶಗಳನ್ನು ಒಂದೆಡೆ ತೆರೆದಿಟ್ಟಿತು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂಡಿಸಿದ, ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ–ಇಂಗ್ಲಿಷ್ ಕೋಶ ‘ಅಲರ್’ 2019ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಒಬ್ಬ ಮನುಷ್ಯನ ಆಯುಸ್ಸಿನ ದುಡಿಮೆ ಇಂದು ಬೆರಳ ತುದಿಗೆ ಸಿಗುತ್ತದೆ.

ಇಷ್ಟು ಸುಲಭವಾದುದೇ ಒಂದು ತೊಡಕು ಎಂದು ನನಗನ್ನಿಸುತ್ತದೆ. ಪುಟ ತಿರುವುವಾಗ ಬೇಡವೆಂದರೂ ಅಕ್ಕಪಕ್ಕದ ಪದಗಳು, ಎರಡನೆಯ ಮೂರನೆಯ ಅರ್ಥಗಳು ಕಣ್ಣಿಗೆ ಬೀಳುತ್ತಿದ್ದುವು. ಫೋನಿನಲ್ಲಿ ಮೊದಲ ಅರ್ಥ ಸಿಕ್ಕೊಡನೆ ಹುಡುಕಾಟ ಮುಗಿಯುತ್ತದೆ. ಸಿಕ್ಕ ಇಂಗ್ಲಿಷ್ ಪದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದರೆ ಅರ್ಧ ತಪ್ಪುಗಳು ಅಲ್ಲೇ ಬಯಲಾಗುತ್ತವೆ. ನುಡಿಗಟ್ಟನ್ನಂತೂ ಒಡೆದು ಹುಡುಕಲೇಬಾರದು: ‘ಹೊಟ್ಟೆ’ಯನ್ನೂ ‘ಉರಿ’ಯನ್ನೂ ಬೇರೆಬೇರೆ ನೋಡಿದವನು ಅಸೂಯೆಪಡುವವನನ್ನು ವೈದ್ಯರ ಬಳಿಗೆ ಕಳುಹಿಸಿಯಾನು.

ಮೊಮ್ಮಗಳಿಗೆ ‘ಅವಸರ’ವನ್ನೂ ಹುಡುಕಿ ನೋಡು ಎಂದೆ. ಆತುರವೆಂಬ ಅರ್ಥ ಅಲ್ಲಿಯೇ ಸಿಕ್ಕಿತು. ‘ಹೊಟ್ಟೆಗೆ ಹಾಕಿಕೊಳ್ಳು’ ಎಂಬುದಕ್ಕೆ ಮಾತ್ರ ಫೋನನ್ನು ಕೆಳಗಿಟ್ಟು ಅವಳ ಅಜ್ಜಿಯನ್ನು ಕೇಳಿದಳು. ತಪ್ಪನ್ನು ಮನ್ನಿಸಿ ಮರೆಯುವುದು ಎಂದು ಹೇಳಿ ಆಕೆ ಅಡಿಗೆಮನೆಗೆ ಹೋದಳು. ಹುಡುಗಿ ಹಳೆಯ ತರ್ಜುಮೆಯನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಆಮೇಲೆ, “ತಾತ, ಮುತ್ತಾತ ಹೋದರಾ?” ಎಂದು ಕೇಳಿದಳು. ಅವಸರವಿಲ್ಲವೆಂದು ಬರೆದಿದ್ದರೂ ಕಾಗದ ಬಂದ ಮರುದಿನದ ರೈಲಿಗೇ ಹೊರಟಿದ್ದರಂತೆ.