ಗೋಧಿಯ ತುಕ್ಕು ಬಂದದ್ದೆಲ್ಲಿಂದ?

ಗೋಧಿಯ ದಂಟಿನ ಮೇಲೆ ಇಟ್ಟಿಗೆ ಬಣ್ಣದ ಗುಳ್ಳೆ ಒಡೆದು, ಹೊಲ ಹೊಕ್ಕವರ ಧೋತರಕ್ಕೆಲ್ಲ ಪುಡಿ ಹತ್ತುವುದನ್ನು ಕಂಡಿದ್ದೀರಿ. ಆ ಕಣಗಳೇ ತುಕ್ಕುರೋಗದ ಬೀಜ. ಸುಗ್ಗಿಯ ಹೊತ್ತಿಗೆ ಗುಳ್ಳೆ ಕಪ್ಪಾಗುತ್ತದೆ. ಆ ಕಪ್ಪು ಕಣದಿಂದ ರೋಗ ಬಾರ್ಬೆರಿಯೆಂಬ ಮುಳ್ಳುಗಿಡಕ್ಕೆ ಹತ್ತಿ, ಅಲ್ಲಿಂದ ಗೋಧಿಗೆ ಮರಳುತ್ತದೆಂದು 1865ರಲ್ಲಿ ಜರ್ಮನಿಯ ಡಿ ಬಾರಿ ತೋರಿಸಿದ್ದರು. ನಮ್ಮ ಬಯಲಿನಲ್ಲಿ ಆ ಗಿಡವೇ ಇಲ್ಲವಲ್ಲ! ಆಗ್ರಾದ ಕೆ. ಸಿ. ಮೆಹ್ತಾ ವರ್ಷಗಟ್ಟಲೆ ಇದರ ಬೆನ್ನು ಹತ್ತಿ 1940ರಲ್ಲಿ ಗ್ರಂಥ ಬರೆದರು. ಬಯಲಿನ ಬೇಸಿಗೆಗೆ ಕೆಂಪು ಕಣ ಸತ್ತೇ ಹೋಗುತ್ತದೆ; ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಹಸಿ ಗೋಧಿಯ ಮೇಲೆ ಉಳಿದದ್ದು ಗಾಳಿಯೇರಿ ಕೆಳಗೆ ಬರುತ್ತದೆ ಅಂತ ಕಂಡುಕೊಂಡರು. ಬಿತ್ತನೆ ಬೀಜ ಕೊಟ್ಟ ನೆರೆಯವನ ಮೇಲೆ ತಪ್ಪು ಹೊರಿಸಿದವರು ಎಷ್ಟು ಮಂದಿಯೋ! ಹೊಟ್ಟು ಸುಟ್ಟರೂ ತುಕ್ಕು ನಿಲ್ಲದು. ತುಕ್ಕು ತಾಳುವ ತಳಿಯನ್ನೇ ಬಿತ್ತಿರಿ.