ಕಾಳಿಗೊಂದು ಕಲ್ಲು, ಪಿಂಕಿಗೊಂದು ಮರದ ಕೋಳಿ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಕೊಪ್ಪ. ಚಿಕ್ಕಮಗಳೂರು ಕಡೆಯ ಕೊಪ್ಪ ಅಲ್ಲ ಸ್ವಾಮಿ, ನಮ್ಮದು ಮದ್ದೂರು ತಾಲೂಕಿನ ಕೊಪ್ಪ. ಆಫೀಸಿನಲ್ಲಿ "ಓಹ್, ಮಲೆನಾಡಾ? ಕಾಫಿ ತೋಟ ಇದೆಯಾ?" ಅಂತ ಕೇಳಿದವರಿಗೆಲ್ಲ "ಇಲ್ಲ, ಕಬ್ಬಿನ ಗದ್ದೆ ಇದೆ" ಅಂತ ಹೇಳಿ ಹೇಳಿ ಸಾಕಾಗಿದೆ :-)

ಭಾನುವಾರ ಬೆಳಿಗ್ಗೆ ಅಕ್ಕನ ಮಗಳನ್ನು ಕರಕೊಂಡು ಅಂಗಡಿ ಬೀದಿಗೆ ಹೋದೆ. ಅವಳಿಗೆ ಐದು ವರ್ಷ. ಅಲ್ಲಿ ಒಬ್ಬ ಮೊಪೆಡ್ಡಿನ ಹಿಂದೆ ಬಲೆ ಹಾಕಿದ ಅಗಲವಾದ ಬುಟ್ಟಿ ಕಟ್ಟಿಕೊಂಡು ನಿಂತಿದ್ದ. ಬುಟ್ಟಿ ತುಂಬ ಕೋಳಿ ಹೂಮರಿಗಳು. ಗುಲಾಬಿ, ಹಸಿರು, ನೀಲಿ, ಕಿತ್ತಳೆ... ಹೋಳಿ ಆಡಿ ಬಂದ ಹಾಗೆ. ಚಿಯ್ ಚಿಯ್ ಚಿಯ್ ಅಂತ ಒಂದೇ ಸಮನೆ ಗಲಾಟೆ.

"ಮಾವ, ನಂಗೆ ಪಿಂಕ್ ಬೇಕು."

"ಯಾಟೆ ಮರಿನೇ ಸಾ, ಆರು ತಿಂಗ್ಳಿಗೆ ಮೊಟ್ಟೆ ಇಕ್ತವೆ. ಒಂದ್ಕೆ ಇಪ್ಪತ್ತು, ಮೂರ್ಕೆ ಐವತ್ತು" ಅಂದ ಅವನು. ನನ್ನ ಕೈ ಆಗಲೇ ಜೇಬಿಗೆ ಹೋಗಿತ್ತು. ಆದರೆ ಮನೆಯ ಷೋಕೇಸಿನಲ್ಲಿರುವ ಒಂದು ಕೋಳಿ ನೆನಪಾಯ್ತು. ಕೈ ಅಲ್ಲೇ ನಿಂತಿತು.

ಆ ಕೋಳಿಯ ಕಥೆ ಹೇಳ್ತೀನಿ. ಕಥೆ ಹೇಳೋಕೆ ಹೋಗಿ ಸ್ವಲ್ಪ ಇತಿಹಾಸವೂ ಕೆದಕಿದ್ದೀನಿ, ಬೇಸರ ಮಾಡ್ಕೋಬೇಡಿ.

ನಮ್ಮ ಮನೆಯ ಷೋಕೇಸು ನಿಮ್ಮ ಮನೆಯದರ ಹಾಗೇ ಇದೆ. ಟಿವಿ ಸುತ್ತ ಗಾಜಿನ ಬಾಗಿಲಿನ ಗೂಡುಗಳು. ಅಮ್ಮ ಮದುವೆಗೆ ಮುಂಚೆ ಹೆಣೆದ ಮಣಿಯ ಗಿಳಿ ಜೋಡಿ. ಬಟ್ಟೆ ಮೇಲೆ ದಾರದಲ್ಲಿ ಬಿಡಿಸಿ ಚೌಕಟ್ಟು ಹಾಕಿಸಿದ ನವಿಲು. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಪ್ಲಾಸ್ಟಿಕ್ ಹಂಸಗಳು. ಕತ್ತು ಅಲ್ಲಾಡಿಸುವ ನಾಯಿ, ಈಗ ಕತ್ತಿಗೆ ಫೆವಿಕ್ವಿಕ್ ಹಾಕಿರುವುದರಿಂದ ಅಲ್ಲಾಡಿಸೋದಿಲ್ಲ. ಇವೆಲ್ಲದರ ಮಧ್ಯೆ ಒಂದು ಚಕ್ರ ಕಳಕೊಂಡ ಚನ್ನಪಟ್ಟಣದ ಮರದ ಕೋಳಿ. ಹಳದಿ ಮೈ, ಕೆಂಪು ಜುಟ್ಟು. ಅಮ್ಮ ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ಗೌರಿ ಹಬ್ಬಕ್ಕೆ, ಎಲ್ಲವನ್ನೂ ಇಳಿಸಿ ಒರೆಸಿ ಮತ್ತೆ ಅದೇ ಜಾಗದಲ್ಲಿ ಇಡ್ತಾರೆ.

2005ನೇ ಇಸವಿ. ನನಗೆ ಎಂಟು ವರ್ಷ. ಆಗ ಮರಿ ಮಾರುವವನು ಸೈಕಲ್ಲಿನಲ್ಲಿ ಬರುತ್ತಿದ್ದ. ಐದು ರೂಪಾಯಿಗೆ ಎರಡು. ನಾನು ಒಂದು ಗುಲಾಬಿ, ಒಂದು ಹಸಿರು ತಗೊಂಡೆ. ಗುಲಾಬಿಗೆ ಪಿಂಕಿ ಅಂತ ಹೆಸರಿಟ್ಟೆ. ಹಸಿರಿಗೆ ಹೆಸರಿಡುವ ಮೊದಲೇ, ಮಾರನೇ ದಿನ, ಅದು ಹೋಯ್ತು.

ಅಜ್ಜಿ ನೋಡಿದವರೇ "ಎಲ್ ತಂದ್ಯ್ಲಾ ಇದ್ನ? ಅವ್ವಿಲ್ದ ಮರಿ ಕನ್ಲಾ ಇದು. ಬದ್ಕಾಕಿಲ್ಲ" ಅಂದರು. ಅಂದರೂ ಸುಮ್ಮನೆ ಕೂರಲಿಲ್ಲ. ರಟ್ಟಿನ ಡಬ್ಬಕ್ಕೆ ಭತ್ತದ ಹೊಟ್ಟು ಹಾಕಿ, ನುಚ್ಚು ಇಟ್ಟು, ರಾತ್ರಿ ಒಲೆ ಪಕ್ಕ ಇಟ್ಟುಕೊಂಡು ಮಲಗಿದರು. ತಮ್ಮ ನಾಟಿ ಹೇಂಟೆಯ ಮರಿಗಳ ಜೊತೆ ಬಿಟ್ಟು ನೋಡಿದರು. ಹೇಂಟೆ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಪಿಂಕಿಯನ್ನು ಮಾತ್ರ ಕುಕ್ಕಿ ಓಡಿಸಿತು. ನಾಲ್ಕನೇ ರಾತ್ರಿ ಕರೆಂಟಿರಲಿಲ್ಲ, ಒಲೆ ಆರಿಹೋಗಿತ್ತು. ಬೆಳಿಗ್ಗೆ ನೋಡಿದರೆ ಪಿಂಕಿ ಮರಗಟ್ಟಿತ್ತು.

ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಆ ವಾರ ಬೆಂಗಳೂರಿಗೆ ಹೋಗಿದ್ದ ತಾತ ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಬಸ್ಸಿಳಿದು ಆ ಕೋಳಿ ತಂದರು. ಕೈಗೆ ಕೊಟ್ಟು ಒಂದೇ ಮಾತು ಹೇಳಿದರು. "ತಗಾ ಮಗ. ಇದು ಸಾಯಾಕಿಲ್ಲ."

ಈಗ ತಾತನೂ ಇಲ್ಲ, ಅಜ್ಜಿಯೂ ಇಲ್ಲ. ಕೋಳಿ ಇದೆ.

ಇರಲಿ, ವಿಷಯಕ್ಕೆ ಬರ್ತೀನಿ. ಎಂಟು ವರ್ಷದವನಾಗಿದ್ದಾಗ ಹೊಳೆಯದ ಒಂದು ಪ್ರಶ್ನೆ ಈಗ ಹೊಳೆಯಿತು. ನಾಟಿ ಕೋಳಿಯ ಒಂದು ಮೊಟ್ಟೆಗೇ ಬೆಲೆ ಇರುವಾಗ, ಮೊಟ್ಟೆಯೊಡೆದು ಬಂದ ಜೀವ ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತಿತ್ತು?

ಉತ್ತರಕ್ಕೆ ಕೋಳಿಯ ಮೂಲಕ್ಕೇ ಹೋಗಬೇಕು. ನಮ್ಮ ಎಲ್ಲ ಕೋಳಿಗಳ ಪೂರ್ವಜ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಸಾಕುಕೋಳಿಯದೇ ಎಂದು ನಂಬಬಹುದಾದ ಅತಿ ಹಳೆಯ ಮೂಳೆಗಳು ಸಿಕ್ಕಿರುವುದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ. ಕಾಲ ಸುಮಾರು ಕ್ರಿ.ಪೂ. 1650ರಿಂದ 1250. ಜನ ಭತ್ತ, ಸಿರಿಧಾನ್ಯ ಬೆಳೆಯತೊಡಗಿದಾಗ ಕಾಳಿನ ಆಸೆಗೆ ಕಾಡುಕೋಳಿಯೇ ಮನೆ ಹತ್ತಿರ ಬಂತು ಅಂತ ಆ ಸಂಶೋಧಕರ ಊಹೆ. ಕಣದಲ್ಲಿ ಚೆಲ್ಲಿದ ಭತ್ತ ಹೆಕ್ಕುವ ಕೋಳಿಯನ್ನು ನೋಡಿ ಬೆಳೆದ ಮಂಡ್ಯದವನಿಗೆ ಇದನ್ನು ನಂಬೋದು ಕಷ್ಟವೇನಲ್ಲ.

ಅಂದರೆ ಒಂದು ಒಪ್ಪಂದ. ನೀನು ಕಾಳು ಹಾಕು, ನಾನು ಮೊಟ್ಟೆ ಇಡ್ತೀನಿ, ಮರಿ ಮಾಡ್ತೀನಿ. ನಮ್ಮಜ್ಜಿ ಕೋಳಿ ಕಾವಿಗೆ ಕೂರಿಸುತ್ತಿದ್ದದ್ದು ಈ ಒಪ್ಪಂದದ ಮೇಲೆಯೇ. ಮಂಕರಿಯಲ್ಲಿ ಹುಲ್ಲು ಹಾಸಿ, ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ಆರಿಸಿ, ಗುಡುಗಿಗೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರು ಇಟ್ಟು ಕೂರಿಸಿದರೆ 21 ದಿನಕ್ಕೆ ಮರಿ. ಹದ್ದು, ಬೆಕ್ಕು, ಮುಂಗುಸಿಗೆ ಹೋಗಿ ಉಳಿದಷ್ಟು ಲಾಭ. ಯಾವ ಮರಿ ಯಾವ ಹೇಂಟೆಯದು ಅಂತ ಅಜ್ಜಿಗೆ ಗೊತ್ತಿರುತ್ತಿತ್ತು.

ಈ ಒಪ್ಪಂದದಿಂದ ತಾಯಿಯನ್ನು ತೆಗೆದುಹಾಕಿದ್ದು ಕಾವುಪೆಟ್ಟಿಗೆ. ಇದು ಹೊಸದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನವರು ಕಾವುಮನೆ ಕಟ್ಟಿ ಸಾವಿರಗಟ್ಟಲೆ ಮರಿ ಮಾಡಿಸುತ್ತಿದ್ದರು. ಆದರೆ ದೊಡ್ಡ ಕಾರ್ಖಾನೆಯ ಲೆಕ್ಕಕ್ಕೆ ಬಂದದ್ದು 20ನೇ ಶತಮಾನದಲ್ಲಿ. ಇದಕ್ಕೆ ಪ್ರಕೃತಿಯ ಒಂದು ಏರ್ಪಾಡೂ ಸಹಾಯ ಮಾಡಿತು. ಹುಟ್ಟುವ ಮುಂಚೆ ಮರಿ ಮೊಟ್ಟೆಯ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಎರಡು ಮೂರು ದಿನ ಕಾಳು ನೀರಿಲ್ಲದೆ ಬದುಕುವುದು ಅದರ ಬಲದಿಂದ. ತಡವಾಗಿ ಒಡೆಯುವ ಮೊಟ್ಟೆಗಳಿಗೆ ತಾಯಿ ಕಾಯುತ್ತಾ ಕೂತಿರಲಿ ಅಂತ ಇರುವ ಏರ್ಪಾಡು ಇದು. ಮನುಷ್ಯ ಅದನ್ನೇ ಸಾಗಾಣಿಕೆಗೆ ಬಳಸಿಕೊಂಡ. 1918ರಿಂದ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಪಾರ್ಸೆಲ್ ಆಗಿ ಒಯ್ಯಲು ಶುರುಮಾಡಿತು!

ಪಿಂಕಿ ಮೊದಲೆರಡು ದಿನ ಚುರುಕಾಗಿದ್ದು ಅಂತ ಕಾಣಿಸಿದ್ದಕ್ಕೂ ಇದೇ ಕಾರಣ ಇರಬೇಕು. ಹೊಟ್ಟೆಯ ಹಳದಿ ಮುಗಿಯುವ ತನಕ.

ಮುಂದಿನ ಹೆಜ್ಜೆ ಜಪಾನಿನದು. ಮೊಟ್ಟೆಗಾಗಿ ಸಾಕುವ ಲೆಗಾರ್ನ್ ಥರದ ತಳಿಗಳು ಬೆಳೆದ ಮೇಲೆ ಒಂದು ತೊಂದರೆ ಎದುರಾಯ್ತು. ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಅವು ಮೊಟ್ಟೆ ಇಡುವುದಿಲ್ಲ. ತಳಿ ಸಪೂರವಾದ್ದರಿಂದ ಮಾಂಸಕ್ಕೆ ಬೆಳೆಸಿದರೂ ತಿಂದ ಆಹಾರದ ಖರ್ಚು ಹುಟ್ಟುವುದಿಲ್ಲ. ಆದರೆ ಮರಿಯಲ್ಲಿ ಗಂಡು ಹೆಣ್ಣು ಗೊತ್ತಾಗೋದು ಹೇಗೆ? 1920ರ ದಶಕದಲ್ಲಿ ಕಿಯೋಷಿ ಮಸುಯಿ ಮತ್ತು ಅವರ ಸಂಗಡಿಗರು ಮರಿಯ ಗುದದ್ವಾರವನ್ನು ಮೆಲ್ಲಗೆ ಒತ್ತಿ ಒಳಗಿನ ಸಣ್ಣ ಗುಬುಟು ನೋಡಿ ಲಿಂಗ ಹೇಳುವ ವಿಧಾನ ಕಂಡುಹಿಡಿದರು. 30ರ ದಶಕದಲ್ಲಿ ಈ ವಿದ್ಯೆ ಜಪಾನಿ ಪರಿಣತರ ಜೊತೆ ಬೇರೆ ದೇಶಗಳಿಗೆ ಹೋಯ್ತು. ಕಲಿತ ಕೈ ಗಂಟೆಗೆ ನೂರಾರು ಮರಿ ಬೇರ್ಪಡಿಸುತ್ತದೆ. ಹೆಣ್ಣು ಈ ಕಡೆ, ಗಂಡು ಆ ಕಡೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಇಫ್, ಒಂದು ಎಲ್ಸ್.

ಆ ಎಲ್ಸ್ ಒಳಗೆ ಬಿದ್ದವುಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಪ್ರಪಂಚದಾದ್ಯಂತ ವರ್ಷಕ್ಕೆ ನೂರಾರು ಕೋಟಿ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿ, ಮೊಟ್ಟೆಯೊಳಗಿರುವಾಗಲೇ ಲಿಂಗ ಪತ್ತೆ ಮಾಡುವ ದಾರಿ ಹಿಡಿದಿದೆ. ನಮ್ಮಲ್ಲಿ ಒಂದಷ್ಟು ಮರಿಗಳು ಅಗ್ಗಕ್ಕೆ ಮಾರಾಟವಾಗಿ, ಬಣ್ಣ ಬಳಿಸಿಕೊಂಡು ಬೀದಿಗೆ ಬರುತ್ತವೆ. ಅಮೆರಿಕದಲ್ಲೂ ಈಸ್ಟರ್ ಹಬ್ಬಕ್ಕೆ ಮಕ್ಕಳಿಗೆ ಹೀಗೇ ಬಣ್ಣದ ಮರಿ ಕೊಡಿಸುವ ರೂಢಿ ಇತ್ತು, ಎಷ್ಟೋ ರಾಜ್ಯಗಳು ಆಮೇಲೆ ಅದನ್ನು ನಿಷೇಧಿಸಿದವು.

ಈಗ ಗೊತ್ತಾಯ್ತಲ್ಲ, ಐದು ರೂಪಾಯಿಗೆ ಎರಡು ಯಾಕೆ ಅಂತ. ಕಾರ್ಖಾನೆಗೆ ಬೇಡದ ಜೀವ ಅದು. ಪಿಂಕಿ ಅಂತ ಹೆಣ್ಣು ಹೆಸರಿಟ್ಟಿದ್ದೆ, ಅದು ಬಹುಶಃ ಹುಂಜ :-( ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ತಾಯಿಯ ರೆಕ್ಕೆಯಡಿ ಅದು ಪುಕ್ಕಟೆ. ರಟ್ಟಿನ ಡಬ್ಬದಲ್ಲಿ ಬಲ್ಬು ಉರಿಯುವ ತನಕ ಮಾತ್ರ. "ಅವ್ವಿಲ್ದ ಮರಿ" ಅಂತ ಅಜ್ಜಿ ಮೂರು ಶಬ್ದದಲ್ಲಿ ಹೇಳುವುದಕ್ಕಿಂತ ಕಮ್ಮಿಯಲ್ಲಿ ಹೇಳಿದ್ದನ್ನು ನಾನು ತಿಳಿಯೋಕೆ ಇಪ್ಪತ್ತು ವರ್ಷ ಬೇಕಾಯ್ತು.

ಮೊಪೆಡ್ಡು, ಸೈಕಲ್ಲಿನಲ್ಲಿ ಬರುವ ಮರಿಗಳೆಲ್ಲ ಹೀಗೇ ಅಂತ ಅಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿದ್ದಾಗ, ಗಿರಿರಾಜ ಅನ್ನುವ ತಳಿ ಅಭಿವೃದ್ಧಿ ಮಾಡಿದರು. ಹಿತ್ತಲಲ್ಲಿ ಮೇಯ್ದು ಬದುಕಬಲ್ಲ, ಮೈಕಟ್ಟಿರುವ ಕೋಳಿ. ನಮ್ಮೂರ ಕಡೆ ಎಷ್ಟೋ ಹೆಂಗಸರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿತು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಹೆದರಿಕೆ ನಮ್ಮೂರಿಗೂ ಬಂತು. ಸೈಕಲ್ಲಿನವನು ಆಮೇಲೆ ತುಂಬ ದಿನ ಕಾಣಲಿಲ್ಲ.

ಇನ್ನು ಮರದ ಕೋಳಿ. ಚನ್ನಪಟ್ಟಣದ ಬೊಂಬೆ ಕೆಲಸ ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತು ಅಂತ ಪ್ರತೀತಿ. ಟಿಪ್ಪುವಿಗೆ ಬೊಂಬೆ ಇಷ್ಟ ಇದ್ದದ್ದಂತೂ ನಿಜ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ, ಸಿಪಾಯಿಯ ಮೇಲೆರಗಿದ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮ ಜಿಲ್ಲೆಯ ಅತಿ ಪ್ರಸಿದ್ಧ ಷೋಕೇಸ್ ಪೀಸು ಅದೇ, ಷೋಕೇಸು ಮಾತ್ರ ಬೇರೆಯವರದು!

ಚನ್ನಪಟ್ಟಣದವರು ಬಳಸುವುದು ಹಗುರವಾದ, ಬಿಳಿಯ ಆಲೆ ಮರ. ಅದನ್ನು ಒಣಗಿಸಿ, ಕಟಾಣಿಗೆ ಹಾಕಿ ತಿರುಗಿಸುತ್ತಾ ಉಳಿಯಿಂದ ರೂಪ ಕೊಡ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಕೇದಗೆಯ ಗರಿ ಹಿಡಿದು ಹೊಳಪು. 2005-06ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಹೆಚ್ಚುಕಡಿಮೆ ತಾತ ಕೋಳಿ ತಂದ ಸಮಯಕ್ಕೇ. ಅದರ ಬಣ್ಣ ಇವತ್ತಿಗೂ ಮಾಸಿಲ್ಲ. ಪಿಂಕಿಯ ಬಣ್ಣ, ಬದುಕಿದ್ದರೂ, ಹೊಸ ಪುಕ್ಕ ಬರುವ ತನಕ ಮಾತ್ರ ಇರುತ್ತಿತ್ತು. 2023ರ ಮಾರ್ಚಿನಲ್ಲಿ ಹೊಸ ಮೈಸೂರು ಹೆದ್ದಾರಿ ಶುರುವಾದ ಮೇಲೆ ಬಸ್ಸು ಕಾರುಗಳು ಚನ್ನಪಟ್ಟಣದ ಹೊರಗಿಂದಲೇ ಹೋಗಿಬಿಡ್ತವೆ. ತಾತ ಇಳಿದ ಹಾಗೆ ಇಳಿಯುವವರು ಕಮ್ಮಿ. ನಾನೂ ಇಳಿಯೋದಿಲ್ಲ, ಸುಳ್ಳು ಯಾಕೆ ಹೇಳಲಿ.

ಸತ್ತ ಪ್ರಾಣಿಯ ನೆನಪಿಗೆ ಒಂದು ವಸ್ತು ಇಟ್ಟುಕೊಳ್ಳೋದು ಮಕ್ಕಳಾಟ ಅಂತೀರಾ? ಹಾಗಾದ್ರೆ ನಮ್ಮದೇ ಮದ್ದೂರು ತಾಲೂಕಿನ ಆತಕೂರಿಗೆ ಬನ್ನಿ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಒಂದಾಗಿ ಚೋಳರ ರಾಜಾದಿತ್ಯನನ್ನು ಸೋಲಿಸಿ ಕೊಂದರು. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿ ಏನು ಬೇಕು ಅಂದಾಗ ಅವನು ಕೇಳಿದ್ದು ಚಿನ್ನವನ್ನಲ್ಲ, ಕೃಷ್ಣನ ಬಳಿಯಿದ್ದ ಕಾಳಿ ಅನ್ನುವ ಬೇಟೆನಾಯಿಯನ್ನು! ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ಭೂಮಿ ನೋಡಿಕೊಳ್ಳುವವನಿಗೆ ಪಾಪ ಅಂತಲೂ ಬರೆಸಿದ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆ ಕಲ್ಲನ್ನು ನಾನು ನೋಡಿದ್ದೀನಿ. ನಾಯಿ, ಹಂದಿ ಕಾದಾಡುತ್ತಿರುವ ಚಿತ್ರ, ಸುತ್ತ ಹಳಗನ್ನಡ ಅಕ್ಷರ. ರಾಜರ ದೊಡ್ಡ ಯುದ್ಧವೊಂದರ ವಿವರ ಇತಿಹಾಸಕಾರರಿಗೆ ಸಿಕ್ಕಿದ್ದು ಒಂದು ನಾಯಿಯ ದೆಸೆಯಿಂದ.

ಅದರ ಮುಂದೆ ನಿಂತಾಗ ನನಗೆ ಅನಿಸಿದ್ದು ಇಷ್ಟು. ಕಾಳಿಗೆ ಕಲ್ಲು ಸಿಕ್ಕಿದ್ದು ಅದು ಶೂರ ನಾಯಿ ಅಂತ ಮಾತ್ರ ಅಲ್ಲ, ಅದಕ್ಕೊಂದು ಹೆಸರಿತ್ತು, ಅದನ್ನು ಬೇಕು ಅಂತ ಕೇಳಿ ಪಡೆದವನೊಬ್ಬನಿದ್ದ ಅಂತ. ಬುಟ್ಟಿಯ ಮರಿಗಳು ಯಾರಿಗೂ ಬೇಡವಾದವು. ಅವನ್ನು ಒಂದು ಮಗು ಮಾತ್ರ, ನಾಲ್ಕು ದಿನದ ಮಟ್ಟಿಗೆ, ಬೇಕು ಅನ್ನುತ್ತೆ.

ಮತ್ತೆ ಅಂಗಡಿ ಬೀದಿಗೆ ಬರ್ತೀನಿ. ನಾನು ಮರಿ ಕೊಡಿಸಲಿಲ್ಲ. ಅವಳು ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ಮರದ ಕೋಳಿ ಇಳಿಸಿ ಕೊಟ್ಟು, ಪಿಂಕಿಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಅದಕ್ಕೆ ಚಳಿ ಆಯ್ತಾ ಮಾವ?" ಅಂದಳು. ಹೌದು ಅಂದೆ. ಸಂಜೆ ಎದುರುಮನೆ ದೊಡ್ಡವ್ವನ ಹಿತ್ತಲಿಗೆ ಕರಕೊಂಡು ಹೋದೆ. ಅಲ್ಲೊಂದು ನಾಟಿ ಹೇಂಟೆ ಏಳು ಮರಿ ಮಾಡಿಕೊಂಡು ಕೆದಕುತ್ತಿತ್ತು. "ಅವ್ವನ್ ಬುಟ್ಟು ಬರೋ ಹೊತ್ಗೆ ಒಂದ್ ಕೊಡ್ತೀನಿ ಬುಡು ಕನಮ್ಮಿ, ಈಗ್ಲೇ ಹೆಸ್ರು ಮಡ್ಗು" ಅಂದರು ದೊಡ್ಡವ್ವ. ಬೂದು ಬಣ್ಣದ ಒಂದು ಮರಿಯನ್ನು ತೋರಿಸಿ ಪಿಂಕಿ ಅಂದಳು. ಬೂದು ಪಿಂಕಿ :-)

ಒಳ್ಳೇ ಕೆಲಸ ಮಾಡಿದೆ ಅಂತ ಹೇಳಿಕೊಳ್ಳೋಕೆ ಇದನ್ನ ಬರೀಲಿಲ್ಲ. ರಾತ್ರಿ ಮಲಗಿದಾಗ ಆ ಬುಟ್ಟಿಯಲ್ಲಿ ಉಳಿದ ಮರಿಗಳು ನೆನಪಾದವು. ನಾನು ತಗೊಳ್ಳದೇ ಇದ್ದದ್ದರಿಂದ ಅವುಗಳಲ್ಲಿ ಒಂದೂ ಬದುಕಲ್ಲ. ನಾನು ದಿನಾ ತಿನ್ನುವ ಎರಡು ಮೊಟ್ಟೆಯ ಆಮ್ಲೆಟ್ಟಿಗೂ ಅವಕ್ಕೂ ಸಂಬಂಧ ಇದೆ ಅನ್ನೋದು ಈಗ ಗೊತ್ತು. ಅಜ್ಜಿಯಾಗಿದ್ದರೆ ಬದುಕಾಕಿಲ್ಲ ಅಂತ ಬೈದು, ಆಮೇಲೆ ಒಲೆ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರೇನೋ.

ನಿಮ್ಮ ಮನೆ ಷೋಕೇಸಿನಲ್ಲೂ ಯಾವುದೋ ಒಂದು ಪ್ರಾಣಿ ಇರುತ್ತೆ. ಮುಂದಿನ ಹಬ್ಬಕ್ಕೆ ಧೂಳು ಒರೆಸುವಾಗ ಅದು ಯಾರ ನೆನಪಿಗೆ ಬಂದದ್ದು ಅಂತ ಮನೆಯವರನ್ನ ಒಮ್ಮೆ ಕೇಳಿ ನೋಡಿ.